ಜ್ಯಾಂಗೊ ಚೌಕಟ್ಟಿನ ಸಾರ್ವತ್ರಿಕ ಸೆಟ್ಟಿಂಗುಗಳೂ ದಾಖಲೆಗಳ ಕಾಲನಿರ್ದೇಶವೂ

ದಾಖಲೆಗಳ ಸೂಚಿಯನ್ನು ಜಾಲತಾಣದ ರೂಪದಲ್ಲಿ ಸಿದ್ಧಪಡಿಸುವ ಕಾರ್ಯವು ಇಂದು ಇತಿಹಾಸ ವಿಭಾಗಗಳಿಗೂ ಒದಗಿಬಂದಿದೆ. ಇದಕ್ಕೆ ಬಳಕೆಯಾಗುವ ತಂತ್ರಾಂಶ ಚೌಕಟ್ಟುಗಳಲ್ಲಿ ಪೈಥಾನ್ ಭಾಷೆಯ ಜ್ಯಾಂಗೊ ಒಂದು. ತಾಣದ ಭಾಷೆ, ಕಾಲವಲಯ, ಗೋಪ್ಯ ಕೀಲಿ, ದತ್ತಸಂಗ್ರಹದ ವಿವರ ಮುಂತಾಗಿ ಎಲ್ಲ ಪುಟಗಳಿಗೂ ಏಕರೀತಿಯಾಗಿ ಅನ್ವಯಿಸುವ ನಿಯಮಗಳನ್ನು ಅದರಲ್ಲಿ ಸಾಮಾನ್ಯವಾಗಿ ಒಂದೇ ಕಡತದಲ್ಲಿ ಬರೆಯುವರು. ಇವಕ್ಕೆ ಸೆಟ್ಟಿಂಗುಗಳೆಂದು ಹೆಸರು. ಇವು ಯಂತ್ರತಜ್ಞರಿಗೆ ಮಾತ್ರ ಸೇರಿದ ವಿಷಯವೆಂದು ಬಗೆಯುವುದುಂಟು. ಆದರೆ ಇವುಗಳಲ್ಲೊಂದಾದ ಕಾಲವಲಯದ ನಿಯಮವು ದಾಖಲೆಯ ದಿನಾಂಕವನ್ನೇ ಬದಲಿಸಿ ತೋರಿಸಬಲ್ಲುದು. ಅದು ಹೇಗೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಜ್ಯಾಂಗೊ ಮೊದಲು ತನ್ನೊಳಗಿನ ಮೂಲನಿಯಮಗಳನ್ನು ಓದಿ, ಅನಂತರ ನಾವು ಬರೆದ ಕಡತವನ್ನು ಓದುತ್ತದೆ. ನಮ್ಮ ಕಡತದಲ್ಲಿ ಹೇಳಿದುದು ಮೂಲನಿಯಮವನ್ನು ಬಾಧಿಸುತ್ತದೆ; ಹೇಳದೆ ಬಿಟ್ಟಲ್ಲಿ ಮೂಲನಿಯಮವೇ ನಿಲ್ಲುತ್ತದೆ. ಆ ಮೂಲನಿಯಮಗಳಲ್ಲಿ ಕಾಲವಲಯವೆಂದು ನಮೂದಾಗಿರುವುದು ಅಮೆರಿಕದ ಷಿಕಾಗೊ. ಈ ಚೌಕಟ್ಟು ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರ ಕಛೇರಿಯಲ್ಲಿ ರೂಪುಗೊಂಡು 2005ರಲ್ಲಿ ಪ್ರಕಟವಾಯಿತು. ಲಾರೆನ್ಸ್ ಅನುಸರಿಸುವುದೂ ಷಿಕಾಗೊ ನಗರದ ವೇಳೆಯನ್ನೇ. ಹೊಸ ಯೋಜನೆಯೊಡನೆ ದೊರೆಯುವ ಮಾದರಿ ಕಡತದಲ್ಲಾದರೋ ವಿಶ್ವವೇಳೆಯಾದ ಯು.ಟಿ.ಸಿ. ಎಂದಿರುತ್ತದೆ. ಇವೆರಡೂ ನಮ್ಮ ದಾಖಲೆಗಳಿಗೆ ಒಪ್ಪತಕ್ಕವಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. ಭಾರತವು ಸ್ವತಂತ್ರವಾದುದು 1947ರ ಆಗಸ್ಟ್ 15ರಂದು, ಮಧ್ಯರಾತ್ರಿ ಸೊನ್ನೆ ಗಂಟೆಗೆ. ಕಾಲವಲಯವನ್ನು ಏಷ್ಯಾ/ಕೋಲ್ಕತಾ ಎಂದಿಟ್ಟು ಈ ಕ್ಷಣವನ್ನು ನಮೂದಿಸಿದರೆ, ಜ್ಯಾಂಗೊ ಅದನ್ನು ಯು.ಟಿ.ಸಿ.ಗೆ ಪರಿವರ್ತಿಸಿ ಶೇಖರಿಸುತ್ತದೆ. ನಮ್ಮ ವೇಳೆಯು ಐದೂವರೆ ಗಂಟೆ ಮುಂದಿರುವುದರಿಂದ, ಶೇಖರವಾಗುವುದು ಆಗಸ್ಟ್ 14ರ 18 ಗಂಟೆ 30 ನಿಮಿಷ. ತೋರಿಸುವಾಗ ಮರಳಿ ನಮ್ಮ ವೇಳೆಗೆ ಬರುವುದರಿಂದ ದೋಷವಿಲ್ಲ. ಆದರೆ ಮುಂದೊಮ್ಮೆ ಯಾರಾದರೂ ಆ ಒಂದು ಸಾಲನ್ನು ಯು.ಟಿ.ಸಿ. ಎಂದು ತಿದ್ದಿದರೆ, ಅದೇ ನಮೂದು ಆಗಸ್ಟ್ 14 ಎಂದು ಕಾಣುವುದು. ದತ್ತದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಯಂತ್ರವು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಕಾಲವಲಯವನ್ನು ಐದೂವರೆ ಗಂಟೆಯೆಂಬ ಸಂಖ್ಯೆಯಿಂದ ಸೂಚಿಸದೆ ಹೆಸರಿನಿಂದಲೇ ಸೂಚಿಸುವುದಕ್ಕೂ ಐತಿಹಾಸಿಕ ಕಾರಣವುಂಟು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಏಷ್ಯಾ/ಕೋಲ್ಕತಾ ಎಂಬ ಹೆಸರಿನ ಹಿಂದೆ ಈ ವ್ಯತ್ಯಾಸಗಳ ಪಟ್ಟಿಯೇ ಇದೆ. ಬರಿಯ ಸಂಖ್ಯೆಗೆ ಅದು ತಿಳಿಯದು.

ಸೆಟ್ಟಿಂಗು ಪರಿಹರಿಸಲಾರದ ಸಂಗತಿಗಳೂ ಇವೆ. ಪತ್ರವೊಂದರ ದಿನ ಮಾತ್ರ ತಿಳಿದಿದ್ದು ಗಳಿಗೆ ತಿಳಿಯದಿದ್ದರೆ, ಅದನ್ನು ವೇಳೆಯಿಲ್ಲದ ದಿನಾಂಕದ ಅಂಕಣದಲ್ಲಿಯೇ ಬರೆಯತಕ್ಕದ್ದು. ಆ ಅಂಕಣಕ್ಕೆ ಕಾಲವಲಯದ ಪರಿವರ್ತನೆ ತಗಲುವುದಿಲ್ಲ. ಪೈಥಾನ್ ಭಾಷೆಯು 1582ಕ್ಕೆ ಹಿಂದಿನ ದಿನಗಳನ್ನೂ ಗ್ರೆಗೊರಿಯನ್ ಪಂಚಾಂಗದಂತೆಯೇ ಗಣಿಸುತ್ತದೆ. ಆದುದರಿಂದ ಶಾಸನಗಳ ಶಕವರ್ಷ, ಸಂವತ್ಸರ, ತಿಥಿಗಳನ್ನು ಮೂಲದಲ್ಲಿರುವಂತೆಯೇ ಬೇರೊಂದು ಅಂಕಣದಲ್ಲಿ ಉಳಿಸಿಕೊಳ್ಳುವುದು ಅವಶ್ಯ.

ಮೇಲಿನ ವಿವೇಚನೆಯಿಂದ ಕಾಲವಲಯದ ಆಯ್ಕೆಯು ದಾಖಲೆಗಳನ್ನು ಬಲ್ಲವರೇ ಮಾಡಬೇಕಾದ ನಿರ್ಣಯವೆಂದು ವ್ಯಕ್ತಪಡುತ್ತದೆ. ಮೊದಲ ದಾಖಲೆಯನ್ನು ಸೇರಿಸುವ ಮುನ್ನವೇ ಅದನ್ನು ನಿರ್ಧರಿಸಿ, ಕಾರಣವನ್ನು ಆ ಸಾಲಿನ ಪಕ್ಕದಲ್ಲೇ ಟಿಪ್ಪಣಿಯಾಗಿ ಬರೆದಿಡತಕ್ಕದ್ದು. ಮುಂದೆ ಆ ಕಡತವನ್ನು ತೆರೆಯುವವರು ನಮ್ಮನ್ನು ಕೇಳುವಂತಿರಲಾರರು, ಟಿಪ್ಪಣಿಯನ್ನಂತೂ ಓದಬಲ್ಲರು.