ಸುಟ್ಟ ಕೈಗೆ ನಲ್ಲಿ ನೀರು

ಯಲಹಂಕದ ಒಂದು ಅಡುಗೆಮನೆ ಅಂದುಕೊಳ್ಳಿ. ಹಾಲಿನ ಪಾತ್ರೆ ವಾಲಿ ಐದು ವರ್ಷದ ಮಗುವಿನ ಮುಂಗೈ ಸುಟ್ಟಿದೆ. ಅಜ್ಜಿ ಟೂತ್‌ಪೇಸ್ಟ್ ತರಲು ಓಡುತ್ತಾರೆ.

ಬೇಡ ಅಜ್ಜಿ, ನಲ್ಲಿ ಬಿಡಿ.

ಹರಿಯುವ ತಣ್ಣೀರಿನಡಿ ಪೂರ್ತಿ 20 ನಿಮಿಷ ಕೈ ಹಿಡಿಯಬೇಕು. ನೀರು ಚರ್ಮದ ಬಿಸಿಯನ್ನು ಎಳೆದುಕೊಳ್ಳುತ್ತದೆ; ಪೇಸ್ಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಬಳೆ, ಕೈದಾರ ಇದ್ದರೆ ಊತ ಬರುವ ಮೊದಲೇ ತೆಗೆಯಬೇಕು. ಐಸ್ ಇಡಬಾರದು, ಗುಳ್ಳೆ ಒಡೆಯಬಾರದು.

ಮಗು ಕಲಿಯಬೇಕಾದ್ದು ಬೇರೆ: ದೊಡ್ಡವರನ್ನು ಕೂಗುವುದು, 108 ಒತ್ತುವುದು, ವಿಳಾಸ ಹೇಳುವುದು. ಬರೀ ಯಲಹಂಕ ಅಂದರೆ ಸಾಲದು. ಓಲ್ಡ್ ಟೌನೋ ನ್ಯೂ ಟೌನೋ, ಯಾವ ಕ್ರಾಸ್, ಹತ್ತಿರದ ದೇವಸ್ಥಾನ ಯಾವುದು, ಎಲ್ಲವೂ ಬಾಯಿಗೆ ಬರಬೇಕು.

ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ವಾಗಿ ಶುರುವಾದ 108 ಆಂಬುಲೆನ್ಸ್ ಉಚಿತ. ಅಭ್ಯಾಸಕ್ಕೆ ಆಟಿಕೆ ಫೋನೇ ಸಾಕು. ಮಗು ನಂಬರ್ ಒತ್ತಲಿ, ಅಮ್ಮ ಆ ಕಡೆಯಿಂದ ಕೇಳಲಿ: “ಹಲೋ, ಏನಾಯ್ತು ಪುಟ್ಟಾ? ಎಲ್ಲಿದೀಯ?”