ವಖಾರಿಯ ಧೂಳಿನಲ್ಲಿ ಹುಟ್ಟಿದ ಸಿನಿಮಾ

ನಿಪ್ಪಾಣಿಯ ತಂಬಾಕು ವಖಾರಿಗಳ ಒಳಗನ್ನು ಕಂಡ ಹೊರಗಿನವರು ಕಡಿಮೆ. ಒಣಗಿದ ಎಲೆ ಪುಡಿಯಾಗಿ, ಜರಡಿ ಹಿಡಿದು, ಕಡ್ಡಿ ಬೇರೆಯಾಗಿ ಬೀಡಿಗೆ ಹದವಾಗುವುದು ಅಲ್ಲೇ. ಜರಡಿ ಆಡಿಸಿದಷ್ಟೂ ಧೂಳು. ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡರೂ ಘಾಟು ಗಂಟಲಿಗಿಳಿಯದೆ ಬಿಡದು. 1982ರಲ್ಲಿ ಈ ಧೂಳಿನೊಳಗೆ ಒಂದು ಕ್ಯಾಮೆರಾ ಹೊಕ್ಕಿತು. ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಆ ಕಪ್ಪು-ಬಿಳುಪು ಚಿತ್ರ ಅರ್ಧ ಗಂಟೆಯಷ್ಟೂ ಇಲ್ಲ. ಅದು ಹುಟ್ಟಿದ ಬಗೆ ಮಾತ್ರ ದೊಡ್ಡ ಕಥೆ.

ಚಿತ್ರಕ್ಕಿಂತ ಮೊದಲು ಸಂಘ ಬಂತು. ವಖಾರಿಯಲ್ಲಿ ದುಡಿಯುವ ಹೆಂಗಸರನ್ನೂ ಮನೆಯಲ್ಲೇ ಕೂತು ಬೀಡಿ ಕಟ್ಟುವವರನ್ನೂ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘ ಒಟ್ಟುಗೂಡಿಸಿತು. ಊರಿಗೆ ಅಂಟಿಕೊಂಡೇ ಇದ್ದರೂ ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರುವ ಅರ್ಜುನನಗರದ ದೇವಚಂದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪ್ರೊ. ಸುಭಾಷ್ ಜೋಶಿ ಅದರ ಮುಂದಾಳು. ಬೀಡಿ ಕಾರ್ಮಿಕರಿಗೆಂದೇ ಕಾನೂನು 1966ರಲ್ಲೇ ಬಂದಿತ್ತು. ಆದರೆ ಬೀಡಿ ಕಟ್ಟುವವಳ ಪಾಲಿಗೆ ಕಾನೂನೆಂದರೆ ಗುತ್ತಿಗೆದಾರನ ಬಾಯಿ ಮಾತು. ಅವನು ಕಟ್ಟು ಬಿಡಿಸಿ, ಇಷ್ಟು ಬೀಡಿ ನಡೆಯಲ್ಲ ಎಂದು ಪಕ್ಕಕ್ಕೆ ಸರಿಸಿದರೆ ಅಷ್ಟರ ಕೂಲಿ ಮುಳುಗಿತು. ನನ್ನ ಕೈಯೇ ಸರಿಯಿಲ್ಲವೇನೋ ಎಂದು ಒಬ್ಬಳೇ ಕೂತವಳಿಗೆ ಅನಿಸಬಹುದು. ಹತ್ತು ಜನ ಸೇರಿ ಲೆಕ್ಕ ಹೇಳಿಕೊಂಡಾಗ ಕೈಯ ತಪ್ಪಲ್ಲವೆಂದು ತಿಳಿಯುತ್ತದೆ. ಸಂಘದ ಸಭೆಗಳಿಂದ ಆದ ಮೊದಲ ಉಪಕಾರ ಇದೇ ಎಂದು ನನಗನ್ನಿಸುತ್ತದೆ.

ಅದೇ ಹೊತ್ತಿಗೆ ರೈತರೂ ಎದ್ದರು. 1981ರ ಮಾರ್ಚ್‌ನಲ್ಲಿ ಶರದ್ ಜೋಶಿಯವರ ಶೇತ್ಕರಿ ಸಂಘಟನೆ ತಂಬಾಕಿನ ದರಕ್ಕಾಗಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ಮೂರು ವಾರಕ್ಕೂ ಹೆಚ್ಚು ಕಾಲ ತಡೆದು ಕೂತಿತು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ರೈತರು ಸತ್ತರು. ಸುಭಾಷ್ ಜೋಶಿ ಆ ಚಳವಳಿಯಲ್ಲೂ ಇದ್ದರು. ಬೆಳೆದವನಿಗೆ ದರ ಏರಿದರೆ ಜರಡಿ ಹಿಡಿದವಳ ಪಗಾರ ಏರುತ್ತದೆಯೇ? ಇಬ್ಬರೂ ಕೈಚಾಚುವುದು ಒಬ್ಬನೇ ವ್ಯಾಪಾರಿಯ ಕಡೆಗೆ. ಇಂಥ ತಂಟೆಯ ಪ್ರಶ್ನೆಗಳು ಘೋಷಣೆಯಲ್ಲಿ ಬಗೆಹರಿಯುವುದಿಲ್ಲ.

ಇಂಥ ಊರಿಗೆ ಬಂದವರು ‘ಯುಗಾಂತರ್’ ಎಂಬ ಸಿನಿಮಾ ತಂಡದವರು: ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್. ಅದಾಗಲೇ ಪುಣೆಯ ಮನೆಗೆಲಸದವರ ಮೇಲೆ ‘ಮೋಲ್ಕರೀಣ್’ ಎಂಬ ಚಿತ್ರ ಮಾಡಿ ಮುಗಿಸಿದ್ದರು. ನಿಪ್ಪಾಣಿಯಲ್ಲಿ ಕ್ಯಾಮೆರಾ ತೆಗೆಯುವ ಅವಸರ ಮಾಡಲಿಲ್ಲ. ತಿಂಗಳುಗಟ್ಟಲೆ ಹೆಂಗಸರ ಜೊತೆ ಕೂತರು, ಕೇಳಿದರು, ಚರ್ಚಿಸಿದರು. ಚಿತ್ರಕಥೆ ಬೆಳೆದದ್ದು ಆ ಮಾತುಗಳಿಂದ. ತಾವು ಉಂಡ ಕಷ್ಟವನ್ನು ಕಾರ್ಮಿಕರೇ ಕ್ಯಾಮೆರಾ ಮುಂದೆ ಮತ್ತೆ ಆಡಿ ತೋರಿಸಿದರು. ಸಾಕ್ಷ್ಯಚಿತ್ರದಲ್ಲಿ ಅಭಿನಯವೇ ಎಂದು ಮೂಗು ಮುರಿಯುವವರು ಇದ್ದಾರು. ತನಗಾದದ್ದನ್ನು ಹೇಗೆ ತೋರಿಸಬೇಕೆಂದು ಆದವಳೇ ನಿರ್ಧರಿಸುವುದು ನನಗೆ ಹೆಚ್ಚು ನಂಬಿಕೆಯ ದಾರಿಯಾಗಿ ಕಾಣುತ್ತದೆ. ಚಿತ್ರ ತೋರಿಸಿ, ಆಮೇಲೆ ಕೂತು ಚರ್ಚಿಸುವುದೂ ಯುಗಾಂತರ್ ಪದ್ಧತಿ.

ಇದೇ ಹೆಂಗಸರ ಹೋರಾಟದ ಮೇಲೆ ಛಾಯಾ ದಾತಾರ್ ಬರೆದ ಪುಸ್ತಕ 1989ರಲ್ಲಿ ಬಂತು. ಚಿತ್ರವನ್ನು ಬರ್ಲಿನ್‌ನ ಆರ್ಸೆನಲ್ ಸಂಸ್ಥೆ ಡಿಜಿಟಲ್ ರೂಪದಲ್ಲಿ ಉಳಿಸಿಕೊಟ್ಟಿದೆ. ಅದನ್ನು ನಿಪ್ಪಾಣಿಯಲ್ಲೇ ತೆರೆ ಕಟ್ಟಿ ತೋರಿಸಿದರೆ ಇವತ್ತು ಜಗಳ ಬೇರೆ ಕಡೆಯಿಂದ ಶುರುವಾದೀತು. ಬೀಡಿ ಕಟ್ಟಿನ ಮೇಲೆ ಕ್ಯಾನ್ಸರಿನ ಚಿತ್ರ ಅಚ್ಚಾಗುವ ಕಾಲದಲ್ಲಿ, ಪಗಾರ ಹೆಚ್ಚಿಸಿ ಅಂದರೆ ಸಾಕೇ, ಈ ಕೆಲಸವೇ ಬೇಡ ಅನ್ನಬೇಕೇ ಎಂದು ಓದಿದ ಮಗಳು ಕೇಳಿಯಾಳು. ಹಾಗಾದರೆ ನಿನ್ನ ಫೀಸು ಎಲ್ಲಿಂದ ಬಂತು ಎಂದು ಅವ್ವನೂ ಬಿಡಲಿಕ್ಕಿಲ್ಲ.