ಬೆವರು, ಉಪ್ಪು, ಗಂಜಿತಿಳಿ

ಬೆವರು ಆವಿಯಾದರೆ ಮಾತ್ರ ಮೈ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದದ್ದು ಬರೀ ನಷ್ಟ. ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿ ಐದು ನದಿಗಳು ಪಂಚಗಂಗಾವಳಿಯಾಗಿ ಕಡಲು ಸೇರುವ ಗಂಗೊಳ್ಳಿಯಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿ ನೀರಾವಿಯಿಂದ ತುಂಬಿರುತ್ತದೆ. ಬೆವರು ಆರುವುದಿಲ್ಲ, ಅಂಗಿ ಬೆನ್ನಿಗಂಟುತ್ತದೆ, ಮೈ ತಣಿಯದ ಕಾರಣ ದೇಹ ಇನ್ನಷ್ಟು ಬೆವರನ್ನು ಸುರಿಸುತ್ತದೆ. ಬಯಲುಸೀಮೆಯ ಒಣಬಿಸಿಲಿಗಿಂತ ಕಡಿಮೆ ಉಷ್ಣಾಂಶದಲ್ಲೂ ಕರಾವಳಿಯ ಸೆಕೆ ಜೀವ ಹಿಂಡುವುದು ಇದಕ್ಕೇ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಅತಿ ಸೆಕೆಯ ದಿನಗಳಲ್ಲಿ ಬೋಟುಗಳು ಕಡಲಲ್ಲೇ ಇರುತ್ತವೆ. ಬಲೆ ಎಳೆಯುವವರಿಗೆ ಬಾಯಾರಿಕೆ ತಡವಾಗಿಯೇ ಗೊತ್ತಾಗುತ್ತದೆ. ದೇಹದ ತೂಕದಲ್ಲಿ ಶೇ. 1ರಿಂದ 2ರಷ್ಟು ನೀರು ಹೋದ ಮೇಲೆಯೇ ಅದು ಬಲವಾಗಿ ಕಾಡುವುದು; 60 ಕಿಲೊ ತೂಗುವವರಿಗೆ ಅದು ಸುಮಾರು ಒಂದು ಲೀಟರ್. ಅಷ್ಟರಲ್ಲಿ ತ್ರಾಣವೂ ಗಮನವೂ ಕುಗ್ಗತೊಡಗಿರುತ್ತವೆ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ ಮನೆಯವರು ಕೇಳಿ ಕೇಳಿ ನೀರು ಕೊಡಬೇಕು.

ಕಡಲ ನೀರಿನಿಂದ ಈ ನಷ್ಟ ತುಂಬುವುದಿಲ್ಲ. ಕಾರಣ ಒಣಮೀನಿನಲ್ಲೇ ಕಾಣುತ್ತದೆ: ಸೀಳಿದ ಮೀನಿಗೆ ಉಪ್ಪು ಸವರಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರು ಮೀನಿನ ಜೀವಕೋಶಗಳಿಂದ ಉಪ್ಪು ಎಳೆದುಕೊಂಡದ್ದು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರು ಕುಡಿದರೆ ಒಳಗೂ ಅದೇ ಆಗುತ್ತದೆ. ಮೂತ್ರಪಿಂಡಗಳಿಗೆ ಅಷ್ಟು ಗಾಢವಾಗಿ ಉಪ್ಪನ್ನು ಹೊರಹಾಕುವ ಶಕ್ತಿಯಿಲ್ಲ. ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಮೂತ್ರವಾಗಿ ಕಳೆಯಬೇಕಾಗುತ್ತದೆ.

ಹಾಗೆಂದು ಉಪ್ಪು ವೈರಿಯಲ್ಲ. ಒಂದು ಲೀಟರ್ ಬೆವರಿನ ಜೊತೆ ಸರಾಸರಿ 1 ಗ್ರಾಂನಷ್ಟು ಸೋಡಿಯಂ ಹೋಗುತ್ತದೆ. ದಿನವಿಡೀ ಬೆವರಿ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು. ಕುಂದಾಪುರ ಸೀಮೆಯ ಕುಚ್ಚಲಕ್ಕಿ ಗಂಜಿಯ ಬೆಲೆ ತಿಳಿಯುವುದು ಇಲ್ಲಿ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಒಟ್ಟಿಗೇ ಒಳಗೆ ದಾಟಿಸುವ ಒಂದು ಪ್ರೋಟೀನ್ ಇದೆ. ಅವುಗಳ ಬೆನ್ನಿಗೇ ನೀರೂ ಒಳಗೆ ಹೋಗುತ್ತದೆ. ಗಂಜಿತಿಳಿಯಲ್ಲಿನ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ, ಹಾಕಿದ ಉಪ್ಪು ಸೋಡಿಯಂ ಕೊಡುತ್ತದೆ. ವಾಂತಿಭೇದಿಗೆ ಕೊಡುವ ಓಆರ್‌ಎಸ್ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಅದರಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಇಂಥದೇ ದ್ರಾವಣ ಕುಡಿಸಿದಾಗ ಶೇ. 30ರಷ್ಟಿದ್ದ ಕಾಲರಾ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ತೀವ್ರ ಭೇದಿಗೆ ಅಳತೆಯ ಓಆರ್‌ಎಸ್ಸೇ ಬೇಕು. ದಿನದ ದಣಿವಿಗೆ ಗಂಜಿ ಸಾಕು. ಸೀಯಾಳದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ಕಾಯಿಲೆಯಿದ್ದವರು ಉಪ್ಪು, ನೀರು ಎರಡರ ಅಳತೆಯನ್ನೂ ವೈದ್ಯರಲ್ಲಿ ಕೇಳಬೇಕು.

ಎಲ್ಲರಿಗೂ ಒಂದೇ ಲೆಕ್ಕ ಹೊಂದದು. ಮೂತ್ರದ ಬಣ್ಣ ತೆಳು ಹಳದಿಯಾಗಿದ್ದರೆ ನೀರು ಸಾಕಾಗಿದೆ. ಚಹಾದಂತೆ ಕಂದಿದ್ದರೆ ಬಹಳ ಸಾಲದು. ಮೂತ್ರ ಗಾಢವಾಗಿಯೇ ಉಳಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಟ್ಟಿ ಕಲ್ಲಾಗಬಹುದು. ಕಲ್ಲು ಬಂದು ಹೋದವರಿಗೆ ದಿನಕ್ಕೆ 2.5 ಲೀಟರ್ ಮೂತ್ರ ಹೋಗುವಷ್ಟು ಕುಡಿಯಲು ವೈದ್ಯರು ಹೇಳುತ್ತಾರೆ.

ಬೆಳಗಿನಿಂದ ಬುಟ್ಟಿಯ ಮುಂದೆ ಕೂತು ಮೀನು ಮಾರುವ ಹೆಂಗಸರಿಗೆ ಈ ಸಲಹೆ ಹೇಳುವುದು ಸುಲಭ. ಹತ್ತಿರ ಶೌಚಾಲಯವಿಲ್ಲದ ಕಡೆ ಅವರು ಬೇಕೆಂದೇ ನೀರು ಕುಡಿಯುವುದಿಲ್ಲ. ಕಡಿಮೆ ಕುಡಿದು, ಬಂದ ಮೂತ್ರವನ್ನೂ ತಡೆದರೆ ಸೋಂಕು ತಗಲುವ ಸಂಭವ ಹೆಚ್ಚು. ಇಂಥ ಕಡೆ ಕುಡಿಯುವ ನೀರಿನಷ್ಟೇ ಶೌಚಾಲಯವೂ ಮುಖ್ಯ.

ಅಳಿವೆಯ ಆಸುಪಾಸಿನ ಬಾವಿಗಳಿಗೆ ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಸಿಹಿನೀರಿನ ಮಟ್ಟ ಇಳಿದಾಗ ಉಪ್ಪುನೀರು ಒಳನುಗ್ಗುತ್ತದೆ. ಅಂಥ ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಉಪ್ಪು ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಾಢವಾಗುತ್ತದೆ.